ಶಿರಸಿಯ ಜಗಲಿಯಲ್ಲಿ ಪೆನ್ಸಿಲ್ವೇನಿಯಾದ ಮತಪತ್ರ

2024ರಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಎರಡು ಸಲ ಮತದಾನ ನಡೆಯಿತು. ಒಂದು ಈ ದೇಶಕ್ಕೆ, ಇನ್ನೊಂದು ಆ ದೇಶಕ್ಕೆ.

ಮೊದಲನೆಯದು ಆಯಿಯದು. ಎಂಬತ್ತೈದು ದಾಟಿದವರು ಮನೆಯಲ್ಲೇ ಮತ ಹಾಕಬಹುದೆಂದು ಚುನಾವಣಾ ಆಯೋಗ ಹೇಳಿದ್ದರಿಂದ 12ಡಿ ಅರ್ಜಿ ತುಂಬಿಕೊಟ್ಟಿದ್ದೆವು. ನಮ್ಮ ಜಿಲ್ಲೆಯ ಮತದಾನ ಮೇ 7ಕ್ಕೆ ಇತ್ತು. ಅದಕ್ಕೆ ಕೆಲವು ದಿನ ಮೊದಲೇ ಅಂಗಳಕ್ಕೆ ಜೀಪು ಬಂತು. ಅಧಿಕಾರಿಗಳು, ಒಬ್ಬ ಪೊಲೀಸ್, ಹೆಗಲಿಗೆ ಕ್ಯಾಮೆರಾ ಏರಿಸಿಕೊಂಡ ಹುಡುಗ. ಆಯಿ ಎಲ್ಲರಿಗೂ ಆಸರಿಗೆ ಕೇಳಿದಳು. ಅವರು ನೀರನ್ನೂ ಒಲ್ಲೆ ಎಂದಾಗ ಅವಳಿಗೆ ಸಿಟ್ಟು ಬಂತು. ‘ಮನೆಗೆ ಬಂದವರು ಬೆಲ್ಲ ನೀರನ್ನೂ ಮುಟ್ಟದೆ ಹೋಗುವುದು ಎಂಥಾ ಚುನಾವಣೆ?’ ಎಂದು ನನ್ನ ಮುಖ ನೋಡಿದಳು. ಅವರು ರಟ್ಟಿನ ಮರೆ ನಿಲ್ಲಿಸಿ, ಮತಪತ್ರ ಕೈಗಿಟ್ಟು, ನನ್ನತ್ತ ತಿರುಗಿ ‘ನೀವು ಸ್ವಲ್ಪ ಹೊರಗಿರಿ’ ಎಂದರು. ತುಳಸಿಕಟ್ಟೆಯ ಹತ್ತಿರ ಹೋಗಿ ನಿಂತೆ. ಗುಟ್ಟು ಕಾಯಲು ಹೊರಗೆ ಕಳಿಸಿದ್ದು ಸರಿಯೇ. ಆದರೆ ಕಾನೂನಿನ ಕಣ್ಣಿನಲ್ಲಿ ಆ ಜಗಲಿಗೆ ನಾನು ಹೊರಗಿನವನೇ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ನಾನು ಹುಟ್ಟಿದ್ದು ಇದೇ ಮನೆಯ ನಡುಕೋಣೆಯಲ್ಲಿ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಎಂಬ ಊರಿನಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ಕೆಲಸ ಮಾಡಿ, 2011ರಲ್ಲಿ ಕೈ ಎತ್ತಿ ಪ್ರಮಾಣ ಮಾಡಿ ಅಮೆರಿಕದ ಪ್ರಜೆಯಾದೆ. ನಮ್ಮ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಭಾರತದ ಪಾಸ್‌ಪೋರ್ಟ್ ಮರಳಿಸಿ, ಸಾಗರೋತ್ತರ ಭಾರತೀಯನೆಂಬ ಕಾರ್ಡು ತೆಗೆದುಕೊಂಡೆ. ಆ ಕಾರ್ಡಿದ್ದವನು ಇಲ್ಲಿ ಬದುಕಬಹುದು, ಅಪ್ಪನ ತೋಟಕ್ಕೆ ವಾರಸುದಾರನಾಗಬಹುದು. ಹೊಸದಾಗಿ ಒಂದು ಗುಂಟೆ ಕೃಷಿಭೂಮಿ ಕೊಳ್ಳುವಂತಿಲ್ಲ, ಗ್ರಾಮ ಪಂಚಾಯಿತಿಗೂ ಮತ ಹಾಕುವಂತಿಲ್ಲ. ನನ್ನ ಹೆಂಡತಿ ಮಾತ್ರ ಅಲ್ಲಿಯ ಕಾಯಂ ವಾಸದ ಹಸಿರು ಕಾರ್ಡಿಗೇ ನಿಂತಳು, ಪೌರತ್ವ ತೆಗೆದುಕೊಳ್ಳಲಿಲ್ಲ. 2022ರಲ್ಲಿ ಅಪ್ಪಯ್ಯ ಹೋದ ಮೇಲೆ ನಾವು ಊರಿಗೆ ಬಂದೆವು. ಮೇ 7ರಂದು ಅವಳು ಶಾಲೆಯ ಮತಗಟ್ಟೆಗೆ ಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದಳು. ನಾನು ಕಾರು ಓಡಿಸಿದೆ.

ಎರಡನೆಯ ಮತದಾನ ನನ್ನದು. ವಿದೇಶದಲ್ಲಿರುವ ಅಮೆರಿಕನ್ನರಿಗೆ ಚುನಾವಣೆಗೆ 45 ದಿನ ಮೊದಲೇ ಮತಪತ್ರ ಕಳಿಸಬೇಕೆಂದು ಅಲ್ಲಿಯ ಕಾನೂನು ಹೇಳುತ್ತದೆ. ಕೊನೆಗೆ ವಾಸವಿದ್ದ ಊರಿನ ಲೆಕ್ಕದಲ್ಲೇ ನಾವು ಮತದಾರರು. ಹಾಗಾಗಿ ಸೆಪ್ಟೆಂಬರ್ ಕೊನೆಗೆ ನಾರ್ಥಾಂಪ್ಟನ್ ಕೌಂಟಿಯಿಂದ ಇಮೇಲ್ ಬಂತು. ಅದನ್ನು ಮುದ್ರಿಸಿ, ತುಂಬಿ, ಅಂಚೆಯಲ್ಲೇ ಮರಳಿಸಬೇಕು. ಮನೆಯ ಪ್ರಿಂಟರ್ ಮಳೆಗಾಲದ ತೇವಕ್ಕೆ ಕೆಟ್ಟಿತ್ತು. ಪೇಟೆಯ ಜೆರಾಕ್ಸ್ ಅಂಗಡಿಗೆ ಹೋದೆ. ಹಾಳೆ ಹೊರಗೆ ಬರುತ್ತಿದ್ದಂತೆ ಅಂಗಡಿಯ ಹುಡುಗ ಓದಿದ: ‘ಕಮಲಾ ಹ್ಯಾರಿಸ್… ಡೊನಾಲ್ಡ್ ಟ್ರಂಪ್! ಸರ್, ಇದು ನಿಜವಾದದ್ದೇ?’ ನಿಜವಾದದ್ದೇ ಎಂದೆ. ಒಂದು ಪುಟಕ್ಕೆ ಐದು ರೂಪಾಯಿಯಂತೆ ತೆಗೆದುಕೊಂಡ.

ಸಂಜೆಯೊಳಗೆ ವಿಷಯ ನೆಂಟರಿಷ್ಟರಿಗೆಲ್ಲ ತಲುಪಿತ್ತು. ಹೆಸರಿನ ಗೊಂದಲವೊಂದು ಬೇರೆ. ಶಿರಸಿಯಲ್ಲಿ ‘ಕಮಲಕ್ಕೆ ಹಾಕಿದೆ’ ಎಂದರೆ ಅದಕ್ಕೆ ಒಂದೇ ಅರ್ಥ. ಇಲ್ಲಿ ಕಮಲಕ್ಕೆ ಹಾಕುವ ನನ್ನ ಭಾವ ಅಲ್ಲಿ ಕಮಲಾಗೆ ಹಾಕಲೇಬಾರದು, ಟ್ರಂಪ್ ಬರಬೇಕು ಎಂದ. ಇಲ್ಲಿ ಕೈಗೆ ಹಾಕುವ ಪಕ್ಕದ ಮನೆಯವರು ಅಲ್ಲಿ ಕಮಲ ಅರಳಲಿ ಎಂದರು. ಆಕೆಯ ತಾಯಿ ಚೆನ್ನೈ ಕಡೆಯವರಾದ್ದರಿಂದ ಅಮೆರಿಕದ ಗಾದಿಗೆ ನಮ್ಮವರು ಬಂದ ಹಾಗಾಗುತ್ತದೆ ಎಂಬುದು ಚಿಕ್ಕಮ್ಮನ ವಾದ. ಮಸಾಲೆ ಅರೆಯುವ ವಿಧಾನದಲ್ಲೇ ತಮಿಳುನಾಡಿನವರನ್ನು ಬೇರೆ ಮಾಡುವ ಚಿಕ್ಕಮ್ಮ ಇದನ್ನು ಹೇಳಿದಳು.

ಆಯಿಗೆ ಮೊದಲು ಬಿಡಿಸಬೇಕಾಗಿದ್ದದ್ದು ಅಧ್ಯಕ್ಷ ಎಂಬ ಮಾತು. ಅವಳ ಮಟ್ಟಿಗೆ ಅಧ್ಯಕ್ಷ ಎಂದರೆ ಅಡಿಕೆ ಸೊಸೈಟಿಯ ಅಧ್ಯಕ್ಷ. ದೇಶಕ್ಕಿರುವವರು ರಾಷ್ಟ್ರಪತಿ, ಅವರನ್ನು ಆರಿಸುವವರು ಶಾಸಕರು, ಸಂಸದರು, ನಮ್ಮನ್ನು ಯಾರೂ ಕೇಳುವುದಿಲ್ಲ. ‘ನಿನ್ನೊಬ್ಬನ ಮತದಿಂದ ಅಷ್ಟು ದೊಡ್ಡ ಅಧ್ಯಕ್ಷ ಆಗುತ್ತಾನೋ?’ ಎಂದು ಕೇಳಿದಳು. ಅದಕ್ಕೆ ಉತ್ತರ ಹೇಳುವುದು ನನಗೆ ಸ್ವಲ್ಪ ಮುಜುಗರದ ವಿಷಯ. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿದ ಒಟ್ಟು 538 ಪ್ರತಿನಿಧಿ ಮತಗಳು, ಗೆಲ್ಲಲು 270 ಬೇಕು. ಪೆನ್ಸಿಲ್ವೇನಿಯಾದ ಪಾಲು 19. ರಾಜ್ಯದಲ್ಲಿ ಒಂದು ಮತ ಹೆಚ್ಚು ಪಡೆದವರಿಗೂ ಹತ್ತೊಂಬತ್ತೂ ಹೋಗುತ್ತದೆ. 2016ರಲ್ಲಿ ಟ್ರಂಪ್ ಆ ರಾಜ್ಯವನ್ನು ಗೆದ್ದ ಅಂತರ ಸುಮಾರು 44 ಸಾವಿರ. ಶಿರಸಿ ಪೇಟೆಯ ಜನಸಂಖ್ಯೆಗಿಂತ ಕಡಿಮೆ. ಆ ವರ್ಷ ನಾನು ಮತ ಹಾಕದೆ ಮನೆಯಲ್ಲಿ ಕುಳಿತಿದ್ದೆ. ಇಬ್ಬರೂ ಬೇಡ ಎಂಬುದು ಆಗ ನನಗೆ ದೊಡ್ಡ ನಿಲುವಿನಂತೆ ಕಂಡಿತ್ತು. ಎಲ್ಲರಿಗಿಂತ ಎತ್ತರದ ಅಟ್ಟದ ಮೇಲೆ ಕುಳಿತ ಹಾಗಿತ್ತು. ಮತ್ತೆ ಹಾಗೆ ಕೂರುವುದಿಲ್ಲ ಎಂದಷ್ಟೇ ಈ ಸಲ ಮೊದಲಿಗೆ ನಿಶ್ಚಯವಾಗಿತ್ತು.

ಯಾರಿಗೆ ಎಂಬುದು ನಿಶ್ಚಯವಾಗಿರಲಿಲ್ಲ. ನನ್ನನ್ನು ಬಲ್ಲ ಕೆಲವರಿಗೆ ಇದು ಆಶ್ಚರ್ಯವೆನಿಸಬಹುದು.

ಟ್ರಂಪ್ ಕಡೆಗೆ ನನ್ನನ್ನು ಎಳೆದದ್ದು ಮೊದಲಿಗೆ ನನ್ನದೇ ಕಿಸೆ. ಅಮೆರಿಕದ ಪ್ರಜೆ ಎಲ್ಲೇ ಇರಲಿ, ಎಲ್ಲೇ ಗಳಿಸಲಿ, ಅಲ್ಲಿಗೆ ಲೆಕ್ಕ ಕೊಡಬೇಕು. ಅಪ್ಪಯ್ಯನ ತೋಟದ ಅರ್ಧ ನನ್ನ ಹೆಸರಿಗಿದೆ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಇಲ್ಲಿ ಕಟ್ಟದೇ ಇರುವುದರಿಂದ ಅಲ್ಲಿ ಕಳೆದು ತೋರಿಸಲು ಏನೂ ಇಲ್ಲ. ಹೀಗಾಗಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದ ಅಡಿಕೆಯ ಮೇಲೆ ಅಮೆರಿಕಕ್ಕೆ ತೆರಿಗೆ. ಇದರ ಜೊತೆಗೆ, ವಿದೇಶಿ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನ 10 ಸಾವಿರ ಡಾಲರ್ ದಾಟಿದರೂ ಎಲ್ಲ ಖಾತೆಗಳ ವಿವರ ಸಲ್ಲಿಸಬೇಕು. ಆಯಿಯ ಜೊತೆಗಿರುವ ಜಂಟಿ ಖಾತೆಯ ಸಂಖ್ಯೆಯನ್ನು, ಗದ್ದೆ ಬಯಲಿನ ನಡುವಿನ ಸಹಕಾರಿ ಸಂಘದ ವಿಳಾಸವನ್ನು, ನಾನು ಪ್ರತಿವರ್ಷ ಅಮೆರಿಕದ ಖಜಾನೆ ಇಲಾಖೆಗೆ ತಿಳಿಸುತ್ತೇನೆ. ನಮ್ಮ ಊರಿನ ಪಿನ್‌ಕೋಡ್ ಅವರಿಗೆ ಬಾಯಿಪಾಠವಾಗಿರಬೇಕು. ಹೀಗಿರುವಾಗ, ಅಕ್ಟೋಬರ್ ಎರಡನೇ ವಾರದಲ್ಲಿ, ವಿದೇಶದಲ್ಲಿರುವ ಅಮೆರಿಕನ್ನರ ಎರಡೆರಡು ತೆರಿಗೆಯನ್ನು ಕೊನೆಗಾಣಿಸುವುದಕ್ಕೆ ನನ್ನ ಬೆಂಬಲವಿದೆ ಎಂದು ಟ್ರಂಪ್ ಹೇಳಿದರು. ನನ್ನ ಹೆಸರು ಹಿಡಿದು ಕರೆದ ಹಾಗಾಯಿತು.

ಎರಡನೆಯದು ಸುಂಕ. ಬೆತ್ಲೆಹೆಮ್‌ನಲ್ಲಿ ಕುಳಿತಿದ್ದಾಗ ಆಮದು ಸುಂಕ ಹಾಕಿ ಕಾರ್ಖಾನೆ ಉಳಿಸುತ್ತೇನೆ ಎನ್ನುವವರನ್ನು ನಾನು ಗೇಲಿ ಮಾಡುತ್ತಿದ್ದೆ. ಶಿರಸಿಗೆ ಬಂದು ಎರಡು ಫಸಲು ಕಂಡ ಮೇಲೆ ಆ ನಗು ಕಡಿಮೆಯಾಗಿದೆ. ಹೊರಗಿನ ಅಡಿಕೆ ಬಂದರೆ ಇಲ್ಲಿ ದರ ಬೀಳುತ್ತದೆ ಎಂಬುದು ಸೊಸೈಟಿಯ ವ್ಯಾಪಾರದ ಅಂಗಳದಲ್ಲಿ ನಿಂತ ಯಾರಿಗೂ ಪಾಠ ಮಾಡಿ ಹೇಳಬೇಕಾಗಿಲ್ಲ. 2022ರಲ್ಲಿ ಭೂತಾನಿನಿಂದ 17 ಸಾವಿರ ಟನ್ ಹಸಿ ಅಡಿಕೆ ತರಲು ಅನುಮತಿ ಕೊಟ್ಟಾಗ ಇಲ್ಲಿ ಎದ್ದ ಗದ್ದಲವನ್ನು ಕಂಡಿದ್ದೇನೆ. ಮರುವರ್ಷ ಆಮದು ಅಡಿಕೆಯ ಕನಿಷ್ಠ ದರವನ್ನು ಕಿಲೋಗೆ 351 ರೂಪಾಯಿಗೆ ಏರಿಸಿದಾಗ ನಾನೂ ನಿಟ್ಟುಸಿರು ಬಿಟ್ಟಿದ್ದೇನೆ. ನನ್ನ ಅಡಿಕೆಗೆ ಬೇಲಿ ಬೇಕು, ಅವರ ಉಕ್ಕಿಗೆ ಬೇಡ ಎನ್ನುವುದು ಯಾವ ನ್ಯಾಯ?

ಉಕ್ಕು ಎಂದಾಗ ನನಗೆ ಅಲ್ಲಿಯ ನೆರೆಯವರು ನೆನಪಾಗುತ್ತಾರೆ. ಬೆತ್ಲೆಹೆಮ್‌ನ ಕುಲುಮೆಯಲ್ಲಿ ಕಾದ ಉಕ್ಕು ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯಲ್ಲಿದೆ. ಅಲ್ಲಿ ಉಕ್ಕು ಕಾಯಿಸುವುದು 1995ರಲ್ಲಿ ನಿಂತಿತು, 2001ರಲ್ಲಿ ಕಂಪನಿ ದಿವಾಳಿಯಾಯಿತು, ನಿವೃತ್ತರ ಆರೋಗ್ಯ ವಿಮೆಯೂ ಅದರ ಹಿಂದೆಯೇ ಹೋಯಿತು. ಈಗ ಆ ಜಾಗದಲ್ಲಿ ಜೂಜಿನ ಅರಮನೆ ಇದೆ. ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತಿದ್ದ ನೆರೆಯವರು ನಾನು ಕೆಲಸಕ್ಕೆ ಹೋದ ದಿನಗಳಲ್ಲಿ ನನ್ನ ಬಾಗಿಲ ಮುಂದಿನ ಹಿಮವನ್ನೂ ತಾವೇ ಸರಿಸಿಡುತ್ತಿದ್ದರು. 2008ರಲ್ಲಿ ಒಬಾಮಾಗೆ, 2016ರಲ್ಲಿ ಟ್ರಂಪ್‌ಗೆ ಹಾಕಿದವರು. ಇಂಥ ಮನುಷ್ಯನಿಗೆ ಹೇಗೆ ಹಾಕಿದಿರಿ ಎಂದು ಒಮ್ಮೆ ಕೇಳಿದ್ದೆ. ‘ಒಳ್ಳೆಯವನು ಎಂದು ನಾನು ಯಾವಾಗ ಹೇಳಿದೆ? ನಮ್ಮ ಊರು ಸತ್ತಿದೆ ಎಂದು ಬಾಯಿಬಿಟ್ಟು ಹೇಳಿದವನು ಅವನೊಬ್ಬ’ ಎಂದರು. ಆಮೇಲೆ ನನ್ನನ್ನು ನೋಡಿ, ‘ನಿನಗೆ ಹೋಗಲು ಇನ್ನೊಂದು ಊರಿದೆ’ ಎಂದರು. ಕೋಪದಲ್ಲಿ ಹೇಳಿದ್ದಲ್ಲ. ಅವರು ಹೇಳಿದಂತೆಯೇ ಆಯಿತು, ಬಂದುಬಿಟ್ಟೆ.

ಬಿಟ್ಟುಬಂದ ಊರಿಗೆ ಮತ ಹಾಕುವುದು ಹೇಗೆ? ಮತಪತ್ರ ಎಂಟು ದಿನ ಪಂಚಾಂಗದ ಕೆಳಗೆ ಬಿದ್ದಿದ್ದಕ್ಕೆ ಇದೇ ಕಾರಣ. ಇಲ್ಲಿ ಗುರುತು ಹಾಕುವವನು ನಾನು, ಅನುಭವಿಸುವವರು ಅಲ್ಲಿಯವರು. ಪಿಟ್ಸ್‌ಬರ್ಗ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಗರ್ಭಪಾತದ ಹಕ್ಕನ್ನು ಸಂವಿಧಾನ ಕಾಯುತ್ತದೆ ಎಂಬ ಹಳೆಯ ತೀರ್ಪನ್ನು ಅಲ್ಲಿಯ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ತೆಗೆದುಹಾಕಿದಾಗ, ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳೂ ಆ ಬಹುಮತದಲ್ಲಿದ್ದರು. ಅವಳಿಗೆ ಬೇರೆ ಮಾತೇ ಬೇಡ. ‘ನಿನ್ನ ಸಲುವಾಗಿ ಹಾಕುತ್ತೇನೆ’ ಎಂದೆ. ‘ಅಪ್ಪ, ನನ್ನ ಸಲುವಾಗಿ ಹಾಕಲು ನನ್ನದೇ ಒಂದು ಮತ ಇದೆ. ನಿನ್ನದನ್ನು ನೀನು ಹಾಕು’ ಎಂದಳು. ಅತ್ತ ಭಾವನದ್ದು ಬೇರೆ ಒತ್ತಾಯ. ಅವನ ಮಗ ಅಲ್ಲಿ ಓದುತ್ತಿದ್ದಾನೆ. ಕಾಲೇಜು ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆಲ್ಲ ಹಸಿರು ಕಾರ್ಡು ಕೊಡಬೇಕೆಂದು ಟ್ರಂಪ್ ಜೂನ್‌ನಲ್ಲಿ ಹೇಳಿದ್ದನ್ನು ಅವನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದ. ಪ್ರಚಾರ ತಂಡ ಅದಕ್ಕೆ ತಕ್ಷಣವೇ ನೂರೆಂಟು ಷರತ್ತು ಸೇರಿಸಿದ್ದನ್ನು ಇಟ್ಟುಕೊಂಡಿರಲಿಲ್ಲ. ಅವರ ಮೊದಲ ಅವಧಿಯಲ್ಲಿ ಎಚ್1ಬಿ ಎಂಬ ಕೆಲಸದ ವೀಸಾದ ನಿರಾಕರಣೆ ಏರಿದ್ದನ್ನು ನೆನಪಿಸಿದೆ. ‘ಅದು ಆಗ’ ಎಂದ.

ಮೇ 30ರಂದು ನ್ಯೂಯಾರ್ಕಿನ ಪಂಚರು 34 ಆರೋಪಗಳಲ್ಲಿ ಟ್ರಂಪ್ ದೋಷಿ ಎಂದಿದ್ದರು. ಅಷ್ಟೇ ಸಾಕಲ್ಲವೇ ಎಂದು ಹಲವರು ಕೇಳಿದರು. ನಿಜ ಹೇಳಬೇಕೆಂದರೆ ನನಗೆ ಅದು ಸಾಕಾಗಲಿಲ್ಲ. ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ಮೊಕದ್ದಮೆಗಳ ಪಟ್ಟಿ ಓದಿಯೂ ಮತ ಹಾಕುವ ನಾಡಿನಲ್ಲಿ ಬೆಳೆದವನು ನಾನು, ಚರ್ಮ ದಪ್ಪವಾಗಿದೆ. ಜುಲೈ 13ರಂದು ಅದೇ ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಅವರ ಮೇಲೆ ಗುಂಡು ಹಾರಿದಾಗ ಮರುಕವೂ ಆಗಿತ್ತು. ರಕ್ತ ಇಳಿಯುವ ಕಿವಿ, ಎತ್ತಿದ ಮುಷ್ಟಿ ಎರಡು ದಿನ ಟಿವಿಯ ತುಂಬ ಇದ್ದವು. ಮೂರನೆಯ ದಿನ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದು ಗಂಗಾವಳಿಗೆ ಇಳಿಯಿತು. ಆಮೇಲೆ ನಮ್ಮ ಮನೆಯಲ್ಲಿ ಬಹುಕಾಲ ಯಾರೂ ಅಮೆರಿಕದ ಮಾತೆತ್ತಲಿಲ್ಲ.

ಹ್ಯಾರಿಸ್ ಬಗ್ಗೆಯೂ ನನಗೆ ಉತ್ಸಾಹವಿರಲಿಲ್ಲ. ಬೈಡನ್ ಜುಲೈ 21ರಂದು ಹಿಂದೆ ಸರಿದರು, ಪಕ್ಷದ ಸಾಮಾನ್ಯ ಮತದಾರರನ್ನು ಹೊಸದಾಗಿ ಕೇಳದೆಯೇ ಅವರ ಜಾಗಕ್ಕೆ ಆಕೆ ಬಂದರು. ಅಧ್ಯಕ್ಷರು ಮುಪ್ಪಾಗಿದ್ದನ್ನು ಊರಿಗೆಲ್ಲ ಕಾಣುವವರೆಗೂ ಆ ಪಕ್ಷ ಮುಚ್ಚಿಟ್ಟುಕೊಂಡಿತ್ತು ಎಂಬ ಸಿಟ್ಟು ನನಗೆ ಈಗಲೂ ಇದೆ.

ನವರಾತ್ರಿಯ ನಡುವೆ ಒಂದು ದಿನ ಸಿದ್ದಾಪುರಕ್ಕೆ ಹೋಗಿದ್ದೆ, ನೆಂಟರ ಮನೆಗೆ. ಊಟ ಮುಗಿಸಿ ಕವಳದ ತಟ್ಟೆಯ ಸುತ್ತ ಕುಳಿತಾಗ ಮಾತು ಎಂದಿನಂತೆ ದೊಡ್ಮನೆಯ ರಾಮಕೃಷ್ಣ ಹೆಗಡೆಯವರಿಗೆ ಬಂತು. ಆ ಕಡೆಯ ಜಗಲಿಗಳಲ್ಲಿ ಎಲ್ಲಿಂದ ಹೊರಟರೂ ಮಾತು ಅಲ್ಲಿಗೇ ಬರುತ್ತದೆ. 1984ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ ಜನತಾ ಪಕ್ಷಕ್ಕೆ ಬಂದದ್ದು 4. ಸೋತದ್ದು ದೆಹಲಿಯ ಚುನಾವಣೆ. ಬೆಂಗಳೂರಿನ ಕುರ್ಚಿಗೆ ಕಾನೂನಿನ ತೊಂದರೆ ಏನೂ ಇರಲಿಲ್ಲ. ಆದರೂ ಜನರ ಒಪ್ಪಿಗೆ ತಪ್ಪಿದೆ ಎಂದು ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ 224ರಲ್ಲಿ 139 ಗೆದ್ದು ಮರಳಿದರು. ಅವರೇನು ಸಂತರಾಗಿರಲಿಲ್ಲ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯಿಂದ ಮಾತು ಕೇಳಿಸಿಕೊಂಡರು, ದೂರವಾಣಿ ಕದ್ದಾಲಿಕೆಯಿಂದ 1988ರಲ್ಲಿ ಕುರ್ಚಿ ಬಿಟ್ಟರು. ಲೆಕ್ಕಾಚಾರದ ಮನುಷ್ಯ ಎಂದು ಅವರ ಅಭಿಮಾನಿಗಳೇ ಹೇಳುತ್ತಾರೆ. ಆದರೆ ಏಳಬೇಕಾದಾಗ ಏಳುತ್ತಿದ್ದರು. ಒಬ್ಬ ಅಜ್ಜ ಕವಳ ಉಗುಳಿ ಬಂದು, ‘ಕುಳಿತದ್ದನ್ನು ಎಲ್ಲರೂ ನೋಡುತ್ತಾರೆ ತಮಾ, ಎದ್ದದ್ದನ್ನು ನಾವು ನೋಡಿದ್ದೇವೆ’ ಎಂದ.

ಮರಳಿ ಬರುವಾಗ ದಾರಿಯುದ್ದಕ್ಕೂ 2021ರ ಜನವರಿ ನೆನಪಾಗುತ್ತಿತ್ತು. ಆಗ ನಾನು ಬೆತ್ಲೆಹೆಮ್‌ನಲ್ಲಿದ್ದೆ. ಸೋತ ಅಧ್ಯಕ್ಷ ಟ್ರಂಪ್ ಜಾರ್ಜಿಯಾ ರಾಜ್ಯದ ಚುನಾವಣಾ ಮುಖ್ಯಸ್ಥರಿಗೆ ಫೋನ್ ಮಾಡಿ ತನಗೆ 11,780 ಮತ ಹುಡುಕಿಕೊಡಿ ಎಂದು ಕೇಳಿದ ಧ್ವನಿಮುದ್ರಣವನ್ನು ಅಡುಗೆಮನೆಯಲ್ಲಿ ನಿಂತು ಕೇಳಿದ್ದೆ. ಮೂರೇ ದಿನಗಳಲ್ಲಿ, ಜನವರಿ 6ರಂದು, ಮತ ಎಣಿಕೆಯನ್ನು ದೃಢಪಡಿಸುತ್ತಿದ್ದ ಸಂಸತ್ ಭವನಕ್ಕೆ ಅವರ ಬೆಂಬಲಿಗರು ಗಾಜು ಒಡೆದು ನುಗ್ಗಿದರು. ಸುಂಕ ಸರಿಯೋ ತಪ್ಪೋ, ತೆರಿಗೆ ಎಷ್ಟಿರಬೇಕು, ಗಡಿಯಲ್ಲಿ ಯಾರನ್ನು ಬಿಡಬೇಕು ಎಂಬುದೆಲ್ಲ ಅಲ್ಲಿ ಬದುಕುವವರು ತೀರ್ಮಾನಿಸಬೇಕಾದದ್ದು. ನನ್ನ ಅಭಿಪ್ರಾಯಕ್ಕಿಂತ ಉಕ್ಕಿನ ಕೆಲಸದ ನೆರೆಯವರ ಅಭಿಪ್ರಾಯಕ್ಕೆ ಬೆಲೆ ಹೆಚ್ಚು. ಆದರೆ ಅವರು ತೀರ್ಮಾನಿಸಿದ್ದನ್ನು ಎಣಿಸಿದ ಮೇಲೆ ಸೋತವನು ಏಳುತ್ತಾನೋ ಇಲ್ಲವೋ ಎಂಬುದನ್ನು ನೋಡಲು ಅಲ್ಲಿ ವಾಸವಾಗಿರಬೇಕಾಗಿಲ್ಲ. ಅದು ಶಿರಸಿಯಿಂದಲೂ ಕಾಣುತ್ತದೆ. ಹುಡುಕುತ್ತಿದ್ದ ಉತ್ತರ ನನಗೆ ಸಿಕ್ಕಿದ್ದು ಹೀಗೆ. ಬಹಳ ದೊಡ್ಡ ಉತ್ತರವಲ್ಲ, ತೆರಿಗೆಯ ಆಸೆಯನ್ನು ಅದು ಪೂರ್ತಿ ಅಳಿಸಲೂ ಇಲ್ಲ.

ಇನ್ನೊಂದು ಸಣ್ಣ ಸಂಗತಿಯೂ ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಆರು ಮಂದಿ ರಿಪಬ್ಲಿಕನ್ ಸಂಸದರು, ವಿದೇಶದಿಂದ ಬರುವ ಮತಗಳನ್ನು ಸರಿಯಾಗಿ ಪರಿಶೀಲಿಸುತ್ತಿಲ್ಲ ಎಂದು ನ್ಯಾಯಾಲಯಕ್ಕೆ ಹೋದರು. ತಿಂಗಳ ನಂತರ ಅದು ವಜಾ ಆಯಿತು. ಒಂದು ಕೈಯಲ್ಲಿ ನನ್ನ ತೆರಿಗೆ ಇಳಿಸುತ್ತೇನೆ ಎನ್ನುತ್ತಾ ಇನ್ನೊಂದು ಕೈಯಲ್ಲಿ ನನ್ನ ಲಕೋಟೆಯನ್ನು ಪಕ್ಕಕ್ಕಿಡಿಸಲು ನೋಡುವ ಪಕ್ಷ. ಹೆಂಡತಿ ಇದನ್ನು ಕೇಳಿ, ‘ನಿಮ್ಮ ಮತ ಎಣಿಸುತ್ತಾರೋ ಇಲ್ಲವೋ ಎಂಬ ಸಂಶಯವಿದ್ದರೂ ಇಷ್ಟು ಯೋಚನೆ. ಎಣಿಸುವುದು ಖಾತ್ರಿಯಾಗಿದ್ದಾಗ ಸೋಫಾದಲ್ಲಿ ಕುಳಿತಿದ್ದಿರಿ’ ಎಂದಳು. 2016 ಅವಳಿಗೂ ನೆನಪಿದೆ.

ವಿಜಯದಶಮಿಯ ದಿನ ಮೇಜನ್ನು ಜಗಲಿಗೆ ಎಳೆದು ಕುಳಿತೆ. ಆಯಿ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ನಾನು ಪೆನ್ನು ತೆರೆದದ್ದೇ ತಡ, ಕೋಲು ಊರಿ ಎದ್ದಳು. ಎಲ್ಲಿಗೆ ಎಂದೆ. ‘ಅವತ್ತು ನಿನ್ನನ್ನು ಹೊರಗೆ ಹಾಕಿದ್ದರಲ್ಲ’ ಎನ್ನುತ್ತ ಮೆಟ್ಟಿಲಿಳಿದು ತುಳಸಿಕಟ್ಟೆಯ ಹತ್ತಿರ ಹೋಗಿ ನನಗೆ ಬೆನ್ನು ಹಾಕಿ ನಿಂತಳು. ಬಿಸಿಲಿತ್ತು. ಬೇಗ ಮುಗಿಸಬೇಕಾಯಿತು. ನಾಲ್ಕು ಹೆಸರುಗಳಿದ್ದವು. ಹ್ಯಾರಿಸ್ ಹೆಸರಿನ ಪಕ್ಕದ ವೃತ್ತವನ್ನು ಕಪ್ಪು ಶಾಯಿಯಿಂದ ತುಂಬಿದೆ. ಮತಪತ್ರ ಒಂದು ಲಕೋಟೆಗೆ, ಆ ಲಕೋಟೆ ಇನ್ನೊಂದಕ್ಕೆ, ಜೊತೆಗೆ ಸಹಿ ಮಾಡಿದ ಘೋಷಣೆ. ಮಳೆಗಾಲದಲ್ಲಿ ಅಂಟು ಸತ್ತಿದ್ದರಿಂದ ಮಧ್ಯಾಹ್ನದ ಅನ್ನದ ನಾಲ್ಕು ಅಗುಳು ತಿಕ್ಕಿ ಮುಚ್ಚಿದೆ.

ಸೋಮವಾರ ಅಂಚೆ ಕಚೇರಿಯಲ್ಲಿ ಗುಮಾಸ್ತರು ಲಕೋಟೆಯನ್ನು ತೂಗಿ, ಒಳಗೇನಿದೆ ಎಂದು ಕೇಳಿದರು. ಕಾಗದಪತ್ರ ಎಂದೆ. ‘ಬೆಲೆ?’ ಎಂದರು. ಫಾರಂನಲ್ಲಿ ಒಂದು ಕಲಂ ಇತ್ತು, ತುಂಬಲೇಬೇಕಂತೆ. ಸೊನ್ನೆ ಬರೆಯಲು ಮನಸ್ಸು ಬರಲಿಲ್ಲ. ಹತ್ತು ರೂಪಾಯಿ ಎಂದು ಬರೆದೆ.

ಆಮೇಲಿನದು ಎಲ್ಲರಿಗೂ ಗೊತ್ತು. ಟ್ರಂಪ್ ಪೆನ್ಸಿಲ್ವೇನಿಯಾವನ್ನು 2016ಕ್ಕಿಂತ ದೊಡ್ಡ ಅಂತರದಲ್ಲಿ, ಸುಮಾರು 1.2 ಲಕ್ಷ ಮತಗಳಿಂದ ಗೆದ್ದರು. ನಾರ್ಥಾಂಪ್ಟನ್ ಕೌಂಟಿಯೂ ಅವರ ಜೊತೆಗೇ ಹೋಯಿತು. ಭಾವ ಪೇಡೆ ತಂದ, ತಿಂದೆ. ಮಗಳು ಎರಡು ದಿನ ಫೋನ್ ಎತ್ತಲಿಲ್ಲ. ಹ್ಯಾರಿಸ್ ಮರುದಿನವೇ ಸೋಲು ಒಪ್ಪಿಕೊಂಡರು.

2025ರ ಜನವರಿ 6ರ ರಾತ್ರಿ ಹನ್ನೊಂದೂವರೆಗೆ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಮೊಬೈಲಿನಲ್ಲಿ ಆ ಎಣಿಕೆಯನ್ನು ನೋಡಿದೆ. ಉಪಾಧ್ಯಕ್ಷರಾಗಿ ಪೀಠದಲ್ಲಿದ್ದವರು ಹ್ಯಾರಿಸ್ ಅವರೇ. ಟ್ರಂಪ್‌ಗೆ 312, ತನಗೆ 226 ಎಂದು ಆಕೆ ತಾನೇ ಓದಿದರು. ಗಂಟೆಯೊಳಗೆ ಮುಗಿಯಿತು. ಗಾಜು ಒಡೆಯಲಿಲ್ಲ. ಬ್ಯಾಟರಿ ಹಚ್ಚಿಕೊಂಡು ಅಂಗಳಕ್ಕೆ ಹೋಗಿ, ಮಂಜಿಗೆ ತೋಯದಂತೆ ಅಡಿಕೆಗೆ ಮುಚ್ಚಿದ ತಾಡಪಾಲು ಸರಿಯಾಗಿದೆಯೋ ನೋಡಿ ಬಂದು ಮಲಗಿದೆ.

ಬೆಳಿಗ್ಗೆ ಕೊನೆಗೌಡ ಬಂದ. ಅವನು ಮರದ ತುದಿಯಲ್ಲಿ ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸುತ್ತಾನೆ, ಕೆಳಗೆ ಹಗ್ಗ ಹಿಡಿದು ನಿಲ್ಲುವುದು ಈ ವರ್ಷದಿಂದ ನನ್ನ ಕೆಲಸ. ಒಂದು ಮರದಿಂದ ಇನ್ನೊಂದು ಮರಕ್ಕೆ ತೂಗಿ ಹಾರಿದವನು ಅಲ್ಲಿಂದಲೇ ಕೂಗಿದ:

‘ಭಟ್ಟರೇ, ಅಮೆರಿಕಕ್ಕೆ ಮತ ಹಾಕಿದ್ದಿರಂತೆ. ನೀವು ಹಾಕಿದವರು ಗೆದ್ದರೋ?’

‘ಇಲ್ಲ ಮಾರಾಯ, ಸೋತರು.’

‘ಹೌದೋ? ಹಗ್ಗ ಬಿಗಿ ಹಿಡಿಯಿರಿ ಹಾಗಾದರೆ, ಕೊನೆ ದೊಡ್ಡದಿದೆ.’